ಗೂಗಲ್‌ಗೆ ‘ಮಂಡೆಬೆಚ್ಚ’ ಅರ್ಥವಾಗುತ್ತಾ?

ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವ ಮುಂಚೆ ಗೂಗಲ್ ಖಾತೆಯಲ್ಲಿದ್ದ ಹುಡುಕಾಟದ ಇತಿಹಾಸ ಅಳಿಸೋಣ ಅಂತ ಕುಳಿತೆ. ಅಳಿಸುವುದು ಬಿಟ್ಟು ಓದತೊಡಗಿದೆ. 2019ರ ಮಳೆಗಾಲದ ನಾಲ್ಕು ತಿಂಗಳಿಗೆ ಬಂದಾಗ ಕೈ ನಿಂತಿತು.

‘ಎದೆ ಡವಡವ ಯಾಕೆ ಹೊಡೆದುಕೊಳ್ಳುತ್ತೆ’. ‘ಗ್ಯಾಸ್ ಆರ್ ಹಾರ್ಟ್ ಅಟ್ಯಾಕ್’. ‘ಎಡಗೈ ಜೋಮು’. ‘ರಶ್‌ನಲ್ಲಿ ಉಸಿರು ಕಟ್ಟಿದ ಹಾಗೆ’. ‘ಇಸಿಜಿ ನಾರ್ಮಲ್ ಬಟ್ ಚೆಸ್ಟ್ ಪೇನ್’. ‘ರಾತ್ರಿ 3 ಗಂಟೆಗೆ ಎಚ್ಚರ’. ಇದನ್ನೇ ತಿರುಗಿಸಿ ಮುರುಗಿಸಿ ಅರವತ್ತಮೂರು ಸಲ ಕೇಳಿದ್ದೆ. ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡಿದ್ದರು. ಜೂನ್‌ನಿಂದ ಡೊಂಬಿವಿಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದರೆ ಠಾಣೆ ದಾಟುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಎರಡು ಸಲ ಇಸಿಜಿ ಆಯಿತು, ಒಂದು ಸಲ ಹೊಟ್ಟೆಗೆ ಎಂಡೋಸ್ಕೋಪಿ ಆಯಿತು. ಮೂರನೇ ಡಾಕ್ಟರು ಪರೀಕ್ಷೆ ಬರೆಯುವ ಬದಲು, ‘ನಿದ್ದೆ ಹೇಗಿದೆ? ಮನೆಯಲ್ಲಿ ಏನಾದರೂ ಆಯಿತಾ?’ ಅಂತ ಕೇಳಿದರು. ‘ಪ್ಯಾನಿಕ್ ಅಟ್ಯಾಕ್’, ಅಂದರೆ ಇದ್ದಕ್ಕಿದ್ದಂತೆ ಮೈಮೇಲೆ ಎರಗುವ ದಿಗಿಲು, ಅನ್ನುವ ಪದ ನನ್ನ ಪಟ್ಟಿಯಲ್ಲಿ ಮೊದಲ ಸಲ ಕಾಣುವುದು ಅವತ್ತಿನ ಸಂಜೆ.

ಅರವತ್ತಮೂರರಲ್ಲಿ ಒಂದರಲ್ಲೂ ‘ಮನಸ್ಸು’ ಇಲ್ಲ. ‘ಡಿಪ್ರೆಷನ್’ ಇಲ್ಲ, ‘ಆಂಗ್ಸೈಟಿ’ ಇಲ್ಲ. ಅಂದರೆ ಆ ವರ್ಷ ಮುಂಬೈ ಜನರ ಮನಸ್ಸಿನ ಆರೋಗ್ಯವನ್ನು ಯಾರಾದರೂ ಗೂಗಲ್ ಹುಡುಕಾಟದಿಂದ ಅಳೆದಿದ್ದರೆ, ಅದರಲ್ಲಿ ನಾನು ಇರಲೇ ಇಲ್ಲ. ಹೃದ್ರೋಗದವರ ಲೆಕ್ಕದಲ್ಲೋ ಗ್ಯಾಸ್ಟ್ರಿಕ್‌ನವರ ಲೆಕ್ಕದಲ್ಲೋ ಇದ್ದೆ.

ಈ ಲೆಕ್ಕದ ಮಾತು ಈಗ ಜಾಸ್ತಿಯಾಗಿದೆ. ‘ಡಿಪ್ರೆಷನ್ ಬಗ್ಗೆ ಹುಡುಕುವವರು ಹೆಚ್ಚಾಗಿದ್ದಾರೆ, ನಗರ ಕುಗ್ಗಿದೆ’ ಅನ್ನುವ ಸುದ್ದಿ, ಪಕ್ಕದಲ್ಲೊಂದು ಮೇಲೇರುವ ಗೆರೆ. ಈ ಆಸೆ ಯಾಕೆ ಅನ್ನುವುದು ಅರ್ಥವಾಗುತ್ತದೆ. ನಮ್ಮ ಹತ್ತಿರ ಬೇರೆ ಅಂಕಿ ಕಡಿಮೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೊಡ್ಡ ಕೆಲಸ. ದೊಡ್ಡವರಲ್ಲಿ 100ಕ್ಕೆ ಸುಮಾರು 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು ಅಂತ ಅದು ಹೇಳಿತು. ಮಹಾನಗರಗಳಲ್ಲಿ ಹಳ್ಳಿಗಿಂತ ಹೆಚ್ಚು ಅಂತಲೂ ಹೇಳಿತು. ಆದರೆ ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಅದರಲ್ಲಿ ಮಹಾರಾಷ್ಟ್ರ ಇಲ್ಲ, ಗೋವಾ ಇಲ್ಲ. ಕರ್ನಾಟಕವೂ ಇಲ್ಲ, ಕೋಲಾರದಲ್ಲಿ ಪ್ರಾಯೋಗಿಕವಾಗಿ ಮಾಡಿ ನೋಡಿದ್ದಷ್ಟೇ. ಇನ್ನೊಂದು ಕಡೆ ಪೊಲೀಸ್ ದಾಖಲೆಯ ಅಂಕಿ ಇದೆ. 2022ರಲ್ಲಿ ಮಹಾರಾಷ್ಟ್ರದಲ್ಲಿ 22,746 ಮಂದಿ ಆತ್ಮಹತ್ಯೆ ಮಾಡಿಕೊಂಡರು, ದೇಶದಲ್ಲೇ ಅತಿ ಹೆಚ್ಚು. ಆ ಅಂಕಿ ಕೈಗೆ ಬರುವ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ. ಇವೆರಡರ ನಡುವೆ, ಯಾವ ಪದದ ಹುಡುಕಾಟ ಏರಿತು, ಯಾವುದು ಇಳಿಯಿತು ಅಂತ ಗೆರೆ ಎಳೆಯುವ ಗೂಗಲ್ ಟ್ರೆಂಡ್ಸ್ ಪುಕ್ಕಟೆಯಾಗಿ, ಈ ಗಂಟೆಯ ಲೆಕ್ಕವನ್ನು ಈ ಗಂಟೆಗೇ ತೋರಿಸುತ್ತದೆ. ಯಾರಿಗೆ ಬೇಡ?

ಆ ಗೆರೆ ಹೇಗೆ ತಯಾರಾಗುತ್ತದೆ ಅಂತ ನೋಡಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾ ನೆನಪಿಸಿಕೊಳ್ಳಿ. ದಿನಕ್ಕೆ ಎಷ್ಟು ನೀರ್‌ದೋಸೆ ಹೋಯಿತು ಅಂತ ಟ್ರೆಂಡ್ಸ್ ಹೇಳುವುದಿಲ್ಲ. ನೂರು ಬಿಲ್ಲಿನಲ್ಲಿ ಎಷ್ಟರಲ್ಲಿ ನೀರ್‌ದೋಸೆ ಇತ್ತು ಅಂತ ನೋಡುತ್ತದೆ. ಆ ಪಾಲು ಯಾವ ದಿನ ಅತಿ ಹೆಚ್ಚಿತ್ತೋ ಆ ದಿನಕ್ಕೆ 100 ಅಂತ ಹೆಸರಿಡುತ್ತದೆ. ಉಳಿದ ದಿನಗಳನ್ನು ಅದಕ್ಕೆ ಹೋಲಿಸುತ್ತದೆ. ಅದೂ ಎಲ್ಲಾ ಬಿಲ್ಲು ನೋಡಿ ಅಲ್ಲ, ಒಂದು ಹಿಡಿ ತೆಗೆದು. ಭಾನುವಾರ ಊಟಕ್ಕೆ ಜನ ಮುಗಿಬಿದ್ದರೆ ದೋಸೆಯ ಲೆಕ್ಕ ಅಷ್ಟೇ ಇದ್ದರೂ ಗೆರೆ ಕೆಳಗಿಳಿಯುತ್ತದೆ. ಊರೆಲ್ಲಾ ಕ್ರಿಕೆಟ್ ಸ್ಕೋರ್ ಹುಡುಕುವ ರಾತ್ರಿ ‘ನಿದ್ದೆ ಬರ್ತಿಲ್ಲ’ ಅನ್ನುವವರ ಪಾಲು ಇಳಿದರೆ, ಅವರಿಗೆಲ್ಲಾ ನಿದ್ದೆ ಬಂತು ಅಂತಲ್ಲ.

ಇನ್ನೊಂದು ವಿಷಯ. ಹೋಟೆಲಿಗೆ ಬರುವ ಗಿರಾಕಿಗಳೇ ಬದಲಾದರೆ? 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಸೋವಿಯಾಯಿತು. ಅದಕ್ಕೂ ಮುಂಚೆ ಇಂಟರ್‌ನೆಟ್ ಮುಖ ನೋಡದ ಕೋಟ್ಯಂತರ ಜನ ಒಳಗೆ ಬಂದರು. 2010ರ ಗೆರೆಯನ್ನೂ 2024ರ ಗೆರೆಯನ್ನೂ ಪಕ್ಕಪಕ್ಕ ಇಟ್ಟು ‘ನೋವು ಇಷ್ಟು ಏರಿತು’ ಅನ್ನುವವರು ಎರಡು ಬೇರೆ ಬೇರೆ ಊರನ್ನು ಹೋಲಿಸುತ್ತಿದ್ದಾರೆ ಅಂತಲೇ ನನಗೆ ಅನ್ನಿಸುತ್ತದೆ.

ಇದಕ್ಕಿಂತ ಮೋಜಿನ ತೊಂದರೆ ಪದದ್ದು. 2020ರ ಜೂನ್ ತಿಂಗಳ ಮುಂಬೈಯನ್ನೇ ತೆಗೆದುಕೊಳ್ಳಿ. ಜೂನ್ 1ರಂದು ಅರಬ್ಬೀ ಸಮುದ್ರದಲ್ಲಿ ಡಿಪ್ರೆಷನ್. ಮರುದಿನ ಡೀಪ್ ಡಿಪ್ರೆಷನ್. ಆಮೇಲೆ ಅದೇ ನಿಸರ್ಗ ಚಂಡಮಾರುತವಾಗಿ ಜೂನ್ 3ರಂದು ರಾಯಗಡ ಜಿಲ್ಲೆಯ ಕರಾವಳಿಗೆ ಅಪ್ಪಳಿಸಿತು. ಇದು ಹವಾಮಾನ ಇಲಾಖೆಯ ಡಿಪ್ರೆಷನ್, ನಮ್ಮ ಪತ್ರಿಕೆಗಳ ‘ವಾಯುಭಾರ ಕುಸಿತ’. ಹನ್ನೊಂದು ದಿನ ಕಳೆದು ಜೂನ್ 14ರಂದು ಬಾಂದ್ರಾದಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಸುದ್ದಿ ಬಂತು. ಮತ್ತೆ ಡಿಪ್ರೆಷನ್, ಈ ಸಲ ಇನ್ನೊಂದು ಅರ್ಥದ್ದು. ಹುಡುಕಾಟ ಜಿಗಿಯಿತು. ಒಂದೇ ಪದ, ಒಂದೇ ತಿಂಗಳು, ಒಂದೇ ಊರು. ಛತ್ರಿ ಹುಡುಕುವವರು, ತಮ್ಮ ಬಗ್ಗೆಯೇ ದಿಗಿಲು ಬಿದ್ದವರು, ಟಿವಿಯ ಚರ್ಚೆ ನೋಡಿ ಕುತೂಹಲಕ್ಕೆ ಬಂದವರು ಎಲ್ಲರೂ ಒಂದೇ ಬುಟ್ಟಿಯಲ್ಲಿ. ಟ್ರೆಂಡ್ಸ್‌ನಲ್ಲಿ ‘ಪದ’ ಬೇರೆ, ‘ವಿಷಯ’ ಬೇರೆ ಅಂತ ಆರಿಸುವ ಅವಕಾಶ ಇದೆ. ‘ವಿಷಯ’ ಆರಿಸಿದರೆ ಕಾಯಿಲೆಯ ಡಿಪ್ರೆಷನ್ ಮಾತ್ರ ಬರಬೇಕು. ಮಳೆಯನ್ನು ಅದು ಸೋಸಬಹುದು. ಕುತೂಹಲವನ್ನು ನೋವಿನಿಂದ ಬೇರೆ ಮಾಡಲು ಅದಕ್ಕೂ ಆಗುವುದಿಲ್ಲ.

ಹಾಗಂತ ಈ ದತ್ತಾಂಶ ಸುಮ್ನೆ ಅಂತ ತಳ್ಳಿಹಾಕುವುದೂ ತಪ್ಪು. 2013ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿನ ಮತ್ತು ಆಸ್ಟ್ರೇಲಿಯಾದ ಹುಡುಕಾಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಎರಡೂ ಕಡೆ ಮಾನಸಿಕ ತೊಂದರೆಗಳ ಹುಡುಕಾಟ ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತಿತ್ತು. ಅಮೆರಿಕದಲ್ಲಿ ಸುಮಾರು 14%, ಆಸ್ಟ್ರೇಲಿಯಾದಲ್ಲಿ 11% ವ್ಯತ್ಯಾಸ. ಆಸ್ಟ್ರೇಲಿಯಾದ ಚಳಿಗಾಲ ಜೂನ್–ಆಗಸ್ಟ್ ಅನ್ನುವುದೇ ಇಲ್ಲಿನ ಸ್ವಾರಸ್ಯ. ಶಾಲೆ ಶುರುವಾಗುವ ತಿಂಗಳೋ ಹಬ್ಬವೋ ಇದಕ್ಕೆ ಕಾರಣವಾಗಿದ್ದರೆ ಎರಡು ಗೆರೆಗಳು ಹೀಗೆ ತಲೆಕೆಳಗಾಗಿ ಕೂಡುತ್ತಿರಲಿಲ್ಲ. ಕೋವಿಡ್ ಹೊತ್ತಿನದೂ ಹಾಗೇ. 2020ರ ಮಾರ್ಚ್ 13ರಿಂದ ಮೇ 9ರವರೆಗೆ ಅಮೆರಿಕದಲ್ಲಿ ಪ್ಯಾನಿಕ್ ಅಟ್ಯಾಕ್ ಥರದ ಹುಡುಕಾಟ ನಿರೀಕ್ಷೆಗಿಂತ 11% ಜಾಸ್ತಿ ಇತ್ತು. ಆ ದಿನಗಳಲ್ಲಿ ಮನೆಮನೆಗೆ ಹೋಗಿ ಯಾವ ಸಮೀಕ್ಷೆ ಮಾಡಲು ಸಾಧ್ಯವಿತ್ತು?

ಈ ಎರಡರಲ್ಲೂ ಒಂದು ಸಮಾನ ಅಂಶ ಇದೆ. ಅಲ್ಲಿ ಹುಡುಕುವವರ ಭಾಷೆ ಮತ್ತು ಕಾಯಿಲೆಗೆ ಡಾಕ್ಟರರು ಇಟ್ಟ ಹೆಸರಿನ ಭಾಷೆ ಒಂದೇ. ಅಲ್ಲಿಯೇ ಎಡವಿದ್ದೂ ಉಂಟು. 2008ರಲ್ಲಿ ಗೂಗಲ್ ಫ್ಲೂ ಟ್ರೆಂಡ್ಸ್ ಅಂತ ಶುರುಮಾಡಿತು, ಜ್ವರದ ಹುಡುಕಾಟ ನೋಡಿ ಫ್ಲೂ ಎಷ್ಟಿದೆ ಅಂತ ಹೇಳುವ ಯಂತ್ರ. 2009ರಲ್ಲಿ ಹಂದಿಜ್ವರದ ಮೊದಲ ಅಲೆ ಅದರ ಕಣ್ಣಿಗೇ ಬೀಳಲಿಲ್ಲ. 2012–13ರ ಚಳಿಗಾಲದಲ್ಲಿ ಇದ್ದುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹೇಳಿತು. 2015ರಲ್ಲಿ ಅಂಗಡಿ ಮುಚ್ಚಿತು. ಜ್ವರವನ್ನಾದರೂ ಥರ್ಮಾಮೀಟರ್ ಇಟ್ಟು ನೋಡಿ ‘ತಪ್ಪಾಯಿತು’ ಅನ್ನಬಹುದು. ಬೇಜಾರಿಗೆ ಎಲ್ಲಿಂದ ತರೋದು ಥರ್ಮಾಮೀಟರು?

ಈಗ ನಮ್ಮ ಮಾತಿಗೆ ಬರೋಣ.

ನಮ್ಮಮ್ಮ ಕಾರ್ಕಳದ ಕಡೆಯವಳು. ಮುಂಬೈಗೆ ಬಂದು ನಲವತ್ತು ವರ್ಷ ಆಯಿತು. ಅಪ್ಪ ಹೋದ ಮೇಲೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು, ತುಳುವಿನಲ್ಲಿ: ‘ಮಂಡೆಬೆಚ್ಚ ಆಪುಂಡು.’ ತಲೆ ಬಿಸಿಯಾಗುತ್ತಿದೆ. ಇದರಲ್ಲಿ ಟೆನ್ಶನ್ ಇದೆ, ದುಃಖ ಇದೆ, ಯಾರ ಜತೆಗೂ ಮಾತು ಬೇಡ ಅನ್ನುವುದೂ ಇದೆ. ವಾಸ್ಕೋದ ಬೈನಾ ಕಡೆ ಉತ್ತರ ಕರ್ನಾಟಕದವರ ಮನೆಗೆ ಹೋದರೆ ‘ತಲಿ ಕೆಟ್ಟೈತಿ’, ‘ಎದಿ ಧಸಕ್ ಅಂತೈತಿ’ ಅನ್ನುತ್ತಾರೆ. ಪುಣೆಯ ಹಿಂಜೆವಾಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಧಾರವಾಡದ ಹುಡುಗಿ ‘ಬರ್ನ್‌ಔಟ್’ ಅಂತ ಟೈಪ್ ಮಾಡುತ್ತಾಳೆ, ಅದೂ ಇಂಗ್ಲಿಷಿನಲ್ಲಿ. ಮೂವರಿಗೂ ಆಗಿರುವುದು ಒಂದೇ ಇರಬಹುದು. ಗೆರೆಯ ಮೇಲೆ ಕಾಣುವವಳು ಮಾತ್ರ ಹಿಂಜೆವಾಡಿಯವಳು.

‘ಖಿನ್ನತೆ’ ಅನ್ನುವ ಪದ ಇದೆಯಲ್ಲ ಅನ್ನಬಹುದು. ಇದೆ. ಪತ್ರಿಕೆಯ ಆರೋಗ್ಯ ಪುಟದಲ್ಲಿ ಇದೆ. ‘ನನಗೆ ಖಿನ್ನತೆ ಬಂದಿದೆ’ ಅಂತ ಊಟದ ಹೊತ್ತಿನಲ್ಲಿ ಹೇಳಿದ ಒಬ್ಬರನ್ನಾದರೂ ನಾನು ನೋಡಿಲ್ಲ. ‘ಆತಂಕ’ದ ಕತೆ ಇನ್ನೂ ವಿಚಿತ್ರ. ಅದನ್ನು ಟಿವಿಯವರು ಚಿರತೆ ಬಂದಾಗ ಖರ್ಚು ಮಾಡಿ ಮುಗಿಸಿದ್ದಾರೆ.

ಲೆಕ್ಕ ಹಾಕುವವನ ಕಡೆಯಿಂದ ನೋಡಿ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ರಾಜ್ಯದ ಜನಸಂಖ್ಯೆ 11 ಕೋಟಿಗೂ ಹೆಚ್ಚು. ನೂರಕ್ಕೆ ಒಬ್ಬರೂ ಇಲ್ಲ. ತುಳು, ಕೊಂಕಣಿಯವರದು ಬೇರೆ ಲೆಕ್ಕ. ಆ ಒಬ್ಬರಲ್ಲಿ ಫೋನ್‌ನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಂಡವರೆಷ್ಟು? ಅವರಲ್ಲಿ ಇಂಥದ್ದನ್ನು ಹುಡುಕುವವರೆಷ್ಟು? ತೀರಾ ಕಡಿಮೆ ಜನ ಹುಡುಕಿದ ಪದಕ್ಕೆ ಟ್ರೆಂಡ್ಸ್ ಕೊಡುವ ಬೆಲೆ 0. ಮಂಗಳೂರಿನಲ್ಲಿ ಕೂತು ಕೇಳಿದ ಪ್ರಶ್ನೆ ಕರ್ನಾಟಕದ ಲೆಕ್ಕಕ್ಕೆ ಹೋಗುತ್ತದೆ. ಅದೇ ಪ್ರಶ್ನೆಯನ್ನು ಕುರ್ಲಾದಲ್ಲಿ ಕೂತು ಕೇಳಿದರೆ ಮಹಾರಾಷ್ಟ್ರದ ಸಮುದ್ರದಲ್ಲಿ ಕರಗಿ ಸೊನ್ನೆಯಾಗುತ್ತದೆ. ಮನೆ ಬಿಟ್ಟು ಬಂದವರ ನೋವೇ ಜಾಸ್ತಿ ಅಂತ ನಾವು ಅಂದುಕೊಂಡಿದ್ದೇವೆ, ಮತ್ತೆ ಅಳೆಯುವ ಸಾಧನದಲ್ಲಿ ಮೊದಲು ಮಾಯವಾಗುವವರೂ ಅವರೇ.

ಮೈಯ ಪದಗಳ ವಿಷಯ ಗೂಗಲ್ ಹುಟ್ಟುವುದಕ್ಕಿಂತ ಹಳೆಯದು. ಗೋವಾದಲ್ಲಿ 1996ರಲ್ಲಿ ಶುರುವಾದ ಸಂಗಾತ್ ಅನ್ನುವ ಸಂಸ್ಥೆ ಇದೆ. ಮನೋವೈದ್ಯ ವಿಕ್ರಮ್ ಪಟೇಲ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಅವರ ತಂಡ ಉತ್ತರ ಗೋವಾದಲ್ಲಿ ಸುಮಾರು 2,500 ಹೆಂಗಸರನ್ನು ಮಾತಾಡಿಸಿ ಬಿಳಿಮುಟ್ಟಿನ ದೂರಿನ ಬಗ್ಗೆ ಅಧ್ಯಯನ ಮಾಡಿತು. ನಮ್ಮ ಕಡೆ ಹೆಂಗಸರು ಡಾಕ್ಟರ ಹತ್ತಿರ ಮೆಲ್ಲಗೆ ಹೇಳುವ ದೂರು ಅದು. ಸೋಂಕು ಇರಬೇಕು ಅಂತ ಔಷಧಿ ಕೊಟ್ಟು ಕಳಿಸುವುದು ರೂಢಿ. ಅಧ್ಯಯನದಲ್ಲಿ ಆ ದೂರಿಗೆ ಸೋಂಕಿಗಿಂತ ಗಟ್ಟಿಯಾದ ನಂಟು ಕಂಡದ್ದು ಮನಸ್ಸಿನ ಕಷ್ಟದ ಜತೆ. ‘ನನಗೆ ಬದುಕು ಭಾರವಾಗಿದೆ’ ಅನ್ನಲು ಅವರ ಹತ್ತಿರ ಇದ್ದ ಪದ ಅದಾಗಿತ್ತು. ಈಗ ಅದೇ ಹೆಂಗಸಿನ ಮಗಳು ಫೋನ್‌ನಲ್ಲಿ ಏನು ಟೈಪ್ ಮಾಡುತ್ತಾಳೆ? ಸುಸ್ತು, ಕೂದಲು ಉದುರುವುದು, ತಲೆಸುತ್ತು. ಡಿಪ್ರೆಷನ್ ಇದೆಯಾ ಅಂತ ನೋಡಲು ಜಗತ್ತಿನ ಎಲ್ಲೆಡೆ ಬಳಸುವ ಒಂದು ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಪಿಎಚ್‌ಕ್ಯೂ-9. ಅದರಲ್ಲೂ ನಿದ್ದೆ, ಸುಸ್ತು, ಹಸಿವು ಮೂರೂ ಪ್ರಶ್ನೆಗಳಾಗಿ ಬರುತ್ತವೆ. ನನ್ನ ಅರವತ್ತಮೂರರಲ್ಲಿ ಮೂರೂ ಇದ್ದವು. ಅವುಗಳನ್ನು ಜೋಡಿಸಿ ನೋಡುವವರು ಇರಲಿಲ್ಲ ಅಷ್ಟೇ.

ಹಾಗಾಗಿ ಗೆರೆ ಅಳೆಯುವುದು ಏನನ್ನು ಅಂತ ಕೇಳಿದರೆ ನನ್ನ ಉತ್ತರ ಇದು: ನೋವಿಗೆ ಜನರ ಬಾಯಲ್ಲಿ ಯಾವ ಹೆಸರು ಓಡುತ್ತಿದೆ ಅನ್ನುವುದನ್ನು. ‘ಡಿಪ್ರೆಷನ್’ ಗೆರೆ ಹತ್ತು ವರ್ಷದಲ್ಲಿ ಏರಿದರೆ ದುಃಖ ಏರಿರಬಹುದು, ಇಲ್ಲವೇ ಮೊದಲು ‘ಗ್ಯಾಸ್ಟ್ರಿಕ್’ ಅನ್ನುತ್ತಿದ್ದವರು ಈಗ ಡಿಪ್ರೆಷನ್ ಅನ್ನುತ್ತಿರಬಹುದು. 2015ರಲ್ಲಿ ದೀಪಿಕಾ ಪಡುಕೋಣೆ ತಮಗೆ ಡಿಪ್ರೆಷನ್ ಆಗಿತ್ತು ಅಂತ ಎಲ್ಲರ ಮುಂದೆ ಹೇಳಿದಾಗ, ಒಂದು ತಲೆಮಾರಿನ ಬಾಯಿಗೆ ಆ ಪದ ಬಂತು. ಅದು ಕಾಯಿಲೆ ಹರಡಿದ್ದಲ್ಲ. ಆ ಎರಡನೆಯ ಸಾಧ್ಯತೆ, ಅಂದರೆ ಹೆಸರು ಬದಲಾಗಿರುವುದು, ಒಳ್ಳೇ ಸುದ್ದಿಯೇ. ಗೆರೆ ಮಾತ್ರ ಎರಡಕ್ಕೂ ಒಂದೇ ರೀತಿ ಏರುತ್ತದೆ.

ಹೆಸರು ಹುಡುಕುವ ಈ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಮಾಟುಂಗಾದ ಆ ಹೋಟೆಲಿನಲ್ಲೇ. ನನ್ನ ಗೆಳೆಯ ಅಲ್ಲಿ ಮ್ಯಾನೇಜರ್. ರಾತ್ರಿ ಶಟರ್ ಎಳೆದ ಮೇಲೆ ನಾನು ಹೋಗಿ ಕೂರುವುದುಂಟು. ಬೈಂದೂರು ಕಡೆಯ ಹುಡುಗನೊಬ್ಬ ಟೇಬಲ್ ಒರೆಸುತ್ತಾ ಕೇಳಿದ: ‘ಅಣ್ಣ, ಓವರ್‌ಥಿಂಕಿಂಗ್ ಅಂದ್ರೆ ಎಂತ?’

ರೀಲ್ಸ್‌ನಲ್ಲಿ ಕೇಳಿದ್ದನಂತೆ. ಆಮೇಲೆ ‘ಓವರ್‌ಥಿಂಕಿಂಗ್ ಮೀನಿಂಗ್ ಇನ್ ಕನ್ನಡ’ ಅಂತ ಗೂಗಲ್‌ಗೆ ಹಾಕಿದ್ದಾನೆ. ‘ಅತಿಯಾದ ಚಿಂತನೆ’ ಅಂತ ಬಂದಿದೆ.

‘ಚಿಂತನೆ ಒಳ್ಳೇದಲ್ದಾ?’ ಅಂದ.

ನಗು ಬಂತು. ಆಕಾಶವಾಣಿಯಲ್ಲಿ ಬೆಳಿಗ್ಗೆ ಬರುವ ‘ಚಿಂತನ’ ನೆನಪಾಯಿತು. ಅತಿಯಾಗಿ ಕೇಳಿದರೆ ಅದೂ ಕಷ್ಟವೇ ಅನ್ನಿ. ಆದರೆ ಹುಡುಗ ನಗಲಿಲ್ಲ. ಎರಡು ತಿಂಗಳಿಂದ ಮಲಗಿದರೆ ಮನೆಯ ಸಾಲವೇ ತಲೆಯಲ್ಲಿ ಸುತ್ತುತ್ತಂತೆ. ಮೇಲಿನ ಕೋಣೆಯಲ್ಲಿ ಎಂಟು ಜನ ಮಲಗುತ್ತಾರೆ. ಫೋನ್ ಬೆಳಕು ಕಂಡರೆ ಬೈಗುಳ. ಹೊದಿಕೆ ಎಳೆದುಕೊಂಡು ಒಳಗೆ ನೋಡುತ್ತಾನೆ. ಫೋನ್‌ನ ಲಾಕ್ ಇನ್ನಿಬ್ಬರಿಗೆ ಗೊತ್ತು. ಹಾಗಾಗಿ ಏನು ಕೇಳಬೇಕಾದರೂ ಯೋಚನೆ ಮಾಡಿ ಕೇಳಬೇಕು. ‘ನನಗೆ ಹೀಗಾಗುತ್ತಿದೆ’ ಅಂತ ಬರೆದರೆ ಸಿಕ್ಕಿಬಿದ್ದ ಹಾಗೆ. ‘ಮೀನಿಂಗ್ ಇನ್ ಕನ್ನಡ’ ಅಂತ ಬರೆದರೆ ಇಂಗ್ಲಿಷ್ ಕಲಿಯುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಅಂದಿನಿಂದ ‘ಮೀನಿಂಗ್ ಇನ್ ಕನ್ನಡ’ ಅನ್ನುವ ಬಾಲವನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಅದರಲ್ಲಿ ಪರೀಕ್ಷೆಗೆ ಓದುವವರೂ ಇದ್ದಾರೆ, ನಿಜ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅನ್ನುವವರೂ ಇದ್ದಾರೆ. ಸಾರ್ವಜನಿಕ ಆರೋಗ್ಯದವರಿಗೆ ಹುಡುಕಾಟದಿಂದ ನಿಜವಾಗಿ ಸಿಗಬಹುದಾದ ಲಾಭ ಇಲ್ಲಿದೆ ಅಂತ ನನ್ನ ಅನಿಸಿಕೆ. ಎಷ್ಟು ಜನರಿಗೆ ಕಾಯಿಲೆ ಅನ್ನುವುದನ್ನು ಬಿಡಿ, ಅದಕ್ಕೆ ಸಮೀಕ್ಷೆಯೇ ಬೇಕು. ಜನ ಯಾವ ಮಾತಿನಲ್ಲಿ, ಯಾವ ಹೊತ್ತಿನಲ್ಲಿ ಕೇಳುತ್ತಾರೆ, ಕೇಳಿದಾಗ ಏನು ಸಿಗುತ್ತದೆ ಅನ್ನುವುದನ್ನು ನೋಡಲಿ. ನಾನು ಕನ್ನಡದಲ್ಲಿ ‘ರಾತ್ರಿ ನಿದ್ದೆ ಬರ್ತಿಲ್ಲ’ ಅಂತ ಹಾಕಿ ನೋಡಿದೆ. ಗಸಗಸೆ ಹಾಲಿನ ವಿಡಿಯೋ, ಪಾದಕ್ಕೆ ಎಣ್ಣೆ ಹಚ್ಚುವ ವಿಡಿಯೋ, ಮಲಗುವ ದಿಕ್ಕಿನ ವಾಸ್ತು. ಎರಡು ವಾರ ದಾಟಿದರೆ ಡಾಕ್ಟರ್ ಹತ್ತಿರ ಹೋಗಿ ಅನ್ನುವ ಒಂದು ಸಾಲು ಹುಡುಕಲು ತುಂಬಾ ಕೆಳಗೆ ಹೋಗಬೇಕಾಯಿತು.

ಗೂಗಲ್‌ನ ಇನ್ನೊಂದು ಮಿತಿ, ಅದು ತಿರುಗಿ ಪ್ರಶ್ನೆ ಕೇಳುವುದಿಲ್ಲ. ನನ್ನ ಮೂರನೇ ಡಾಕ್ಟರು ಮಾಡಿದ್ದು ಅದೊಂದೇ. ಸಂಗಾತ್‌ನವರು ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನ ಆರರಿಂದ ಎಂಟು ಸಲ ಕೂತು ಮಾತಾಡಿದರು. ಡಿಪ್ರೆಷನ್ ಇದ್ದ 495 ಮಂದಿಯ ಮೇಲಿನ ಪ್ರಯೋಗ. ಮೂರು ತಿಂಗಳ ಮೇಲೆ ನೋಡಿದರೆ ಹೀಗೆ ಮಾತಾಡಿಸಿದವರಲ್ಲಿ 64% ಜನ ಚೇತರಿಸಿಕೊಂಡಿದ್ದರು, ಮಾಮೂಲು ಚಿಕಿತ್ಸೆಯವರಲ್ಲಿ 39%.

ತಿರುಗಿ ಕೇಳುವ ಯಂತ್ರವೂ ಈಗ ಬಂದಿದೆ, ಚಾಟ್‌ಬಾಟ್. ರಾತ್ರಿ ಮೂರಕ್ಕೆ ‘ಆಮೇಲೆ ಏನಾಯಿತು?’ ಅನ್ನುತ್ತದೆ. ಜನ ಹುಡುಕುವುದು ಬಿಟ್ಟು ಅದರ ಜತೆ ಮಾತಾಡತೊಡಗಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ಹೇಳಿದ ಪ್ರಕಾರ ಅದರ ವಾರದ ಬಳಕೆದಾರರಲ್ಲಿ 0.15% ಜನರ ಮಾತಿನಲ್ಲಿ ಆತ್ಮಹತ್ಯೆಯ ಯೋಜನೆಯದೋ ಉದ್ದೇಶದ್ದೋ ಸ್ಪಷ್ಟ ಸುಳಿವು ಇರುತ್ತದೆ. ಚಿಕ್ಕ ಅಂಕಿ ಅನ್ನಿಸಬಹುದು. ಆಗಿದ್ದ ವಾರಕ್ಕೆ 80 ಕೋಟಿ ಬಳಕೆದಾರರು ಅಂದರೆ ಅದು 10 ಲಕ್ಷ ದಾಟುತ್ತದೆ. ಈ ಮಾತುಕತೆ ಯಾವ ಟ್ರೆಂಡ್ಸ್ ಗೆರೆಯಲ್ಲೂ ಬರುವುದಿಲ್ಲ. ಇನ್ನು ಮುಂದೆ ‘ಡಿಪ್ರೆಷನ್’ ಗೆರೆ ಇಳಿದರೆ ‘ನಗರ ನೆಮ್ಮದಿಯಾಗಿದೆ’ ಅಂತ ಯಾರಾದರೂ ಬರೆಯುತ್ತಾರೆ, ಕಾದು ನೋಡಿ.

ಗುಟ್ಟಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. 2006ರಲ್ಲಿ ಎಒಎಲ್ ಅನ್ನುವ ಅಮೆರಿಕದ ಇಂಟರ್‌ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೆಸರು ತೆಗೆದು, ನಂಬರ್ ಹಾಕಿ ಸಂಶೋಧನೆಗೆ ಬಿಟ್ಟಿತು. ಪತ್ರಕರ್ತರು ಬರೀ ಹುಡುಕಿದ ಪದಗಳನ್ನು ಹಿಡಿದುಕೊಂಡು ಒಬ್ಬ ಹೆಂಗಸಿನ ಮನೆ ಬಾಗಿಲಿಗೇ ಹೋದರು. ಟ್ರೆಂಡ್ಸ್ ಅಂಥದ್ದಲ್ಲ, ಅದರಲ್ಲಿ ಇರುವುದು ಒಟ್ಟು ಲೆಕ್ಕ ಮಾತ್ರ. ಆದರೆ ನನ್ನ ಅರವತ್ತಮೂರು ಸಾಲು ಆರು ವರ್ಷ ಯಾರದೋ ಸರ್ವರ್‌ನಲ್ಲಿ ತಾರೀಕು, ಗಂಟೆ ಸಮೇತ ಇತ್ತು ಅನ್ನುವುದೂ ನಿಜ.

ಹೋಟೆಲಿನ ಹುಡುಗನಿಗೆ ನಾನು ಕೊಟ್ಟಿದ್ದು 14416. ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. 20 ಭಾಷೆಗಳಲ್ಲಿ ಕನ್ನಡವೂ ಇದೆ. ‘ಎಂತ ಅಂತ ಹೇಳೂದು ಅಣ್ಣ, ಓವರ್‌ಥಿಂಕಿಂಗ್ ಅನ್ಲಾ?’ ಅಂದ. ನಿದ್ದೆ ಬರುವುದಿಲ್ಲ ಅನ್ನು, ಅಷ್ಟು ಸಾಕು, ಉಳಿದದ್ದು ಅವರೇ ಕೇಳುತ್ತಾರೆ ಅಂದೆ. ನಂಬರ್ ಸೇವ್ ಮಾಡಿಕೊಂಡ. ಫೋನ್ ಇನ್ನಿಬ್ಬರ ಕೈಗೆ ಹೋಗುತ್ತದಲ್ಲ, ಹಾಗಾಗಿ ‘ಬೈಂದೂರ್ ಬಸ್’ ಅಂತ ಹೆಸರು ಹಾಕಿದ.